ಮೂರು ಸೆಂಟಿಮೀಟರಿನೊಳಗೆ ಸಿಕ್ಕರೆ

ಲಿವರ್ ಕ್ಯಾನ್ಸರ್ ಅಂದರೆ ಅಲ್ಲಿಗೆ ಮುಗಿಯಿತು ಅನ್ನುವ ಮಾತು ಹಳಿಯಾಳದ ಸಂತೆಯಲ್ಲೂ ಕೇಳುತ್ತದೆ, ದಾಂಡೇಲಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೂ ಕೇಳುತ್ತದೆ. ಜನ ಸುಮ್ಮನೆ ಹಾಗೆ ಹೇಳುವುದಿಲ್ಲ. ನಮ್ಮ ಕಡೆ ಈ ಕಾಯಿಲೆ ಗೊತ್ತಾಗುವ ಹೊತ್ತಿಗೆ ಹೊಟ್ಟೆಗೆ ನೀರು ತುಂಬಿರುತ್ತದೆ, ಕಣ್ಣು ಹಳದಿಗಟ್ಟಿರುತ್ತದೆ, ಊಟ ಬಿಟ್ಟು ವಾರಗಳಾಗಿರುತ್ತವೆ. ಆ ಹಂತದಲ್ಲಿ ಹುಬ್ಬಳ್ಳಿಗೆ ಹೋದರೂ ಬೆಂಗಳೂರಿಗೆ ಹೋದರೂ ವೈದ್ಯರು ಮಾಡಬಹುದಾದದ್ದು ಕಡಿಮೆ. ಆದರೆ ಅದೇ ಗಡ್ಡೆ ಮೂರು ಸೆಂಟಿಮೀಟರ್ ಇರುವಾಗಲೇ, ಅಂದರೆ ಸುಲಿದ ಅಡಿಕೆಗಿಂತ ತುಸು ದೊಡ್ಡದಿರುವಾಗಲೇ ಸಿಕ್ಕರೆ, ಹೊಟ್ಟೆ ಕೊಯ್ಯದೆ, ಒಂದು ಸೂಜಿಯನ್ನು ಚರ್ಮದ ಮೂಲಕ ಒಳಗಿಳಿಸಿ ಅದನ್ನು ಸುಟ್ಟುಹಾಕಬಹುದು. ರೋಗಿ ಬಹುತೇಕ ಮರುದಿನ ಮನೆಗೆ ಬರುತ್ತಾನೆ. ಅಬ್ಲೇಶನ್ ಎಂಬ ಈ ಚಿಕಿತ್ಸೆ ಈಗ ಹೊಸದೇನಲ್ಲ, ಪ್ರಯೋಗದ ಹಂತದಲ್ಲೂ ಇಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಜನರಿಗೆ ಇದು ದಕ್ಕಬೇಕಾದರೆ ಏನಾಗಬೇಕು ಎಂಬುದೇ ನನ್ನ ಪ್ರಶ್ನೆ.

ಮೊದಲು ಚಿಕಿತ್ಸೆ ಹೇಗೆ ನಡೆಯುತ್ತದೆ ನೋಡೋಣ.

ರೋಗಿ ಆರೆಂಟು ಗಂಟೆ ಏನೂ ತಿನ್ನದೆ ಬಂದಿರಬೇಕು. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ, ಪ್ಲೇಟ್‌ಲೆಟ್ ಎಷ್ಟಿದೆ ಎಂದು ಮೊದಲೇ ನೋಡಿರುತ್ತಾರೆ. ಲಿವರ್ ಕೆಟ್ಟವರಲ್ಲಿ ಇವೆರಡೂ ಕುಸಿದಿರುವುದು ಸಾಮಾನ್ಯ. ಮೇಜಿನ ಮೇಲೆ ಮಲಗಿಸಿ, ಮಂಪರು ಬರುವ ಔಷಧವನ್ನೋ ಪೂರ್ತಿ ಅರಿವಳಿಕೆಯನ್ನೋ ಕೊಡುತ್ತಾರೆ. ರೇಡಿಯೋ ತರಂಗದ ಯಂತ್ರವಾದರೆ ಎರಡೂ ತೊಡೆಗೆ ಅಂಟುಪಟ್ಟಿ ಹಚ್ಚುತ್ತಾರೆ, ವಿದ್ಯುತ್ತು ಅದರ ಮೂಲಕ ಹೊರಹೋಗಬೇಕು. ಬಲಗಡೆಯ ಪಕ್ಕೆಲುಬುಗಳ ನಡುವೆ ಜೆಲ್ ಸವರಿ ಅಲ್ಟ್ರಾಸೌಂಡ್ ಹಿಡಿಯುತ್ತಾರೆ. ತೆರೆಯ ಮೇಲೆ ಗಡ್ಡೆ ಒಂದು ಗುಂಡನೆಯ ನೆರಳಿನಂತೆ, ಸೂಜಿಯ ತುದಿ ಬೆಳ್ಳಗೆ ಹೊಳೆಯುವ ಚುಕ್ಕಿಯಂತೆ ಕಾಣುತ್ತದೆ. ಉಸಿರಾಡಿದಂತೆಲ್ಲ ಲಿವರ್ ಮೇಲೆ ಕೆಳಗೆ ಸರಿಯುವುದರಿಂದ, ಉಸಿರು ನಿಂತ ಕೆಲವೇ ಸೆಕೆಂಡುಗಳಲ್ಲಿ ವೈದ್ಯರು ಸೂಜಿಯನ್ನು ಗಡ್ಡೆಯ ನಟ್ಟನಡುವೆ ಕೂರಿಸುತ್ತಾರೆ. ನಂತರ ಯಂತ್ರ ಚಾಲೂ ಆಗುತ್ತದೆ.

ಸೆಕೆಂಡಿಗೆ ಸುಮಾರು 5 ಲಕ್ಷ ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಸೂಜಿಯ ತುದಿಯಿಂದ ಹೊರಡುತ್ತದೆ. ಸುತ್ತಲಿನ ಜೀವಕೋಶಗಳಲ್ಲಿರುವ ಅಯಾನುಗಳು ಅದರೊಂದಿಗೆ ಅತ್ತಿತ್ತ ತುಯ್ದಾಡಿ, ಆ ಘರ್ಷಣೆಯಿಂದ ಬಿಸಿ ಹುಟ್ಟುತ್ತದೆ. 60 ಡಿಗ್ರಿ ದಾಟಿದರೆ ಜೀವಕೋಶದ ಪ್ರೋಟೀನು ಗಟ್ಟಿಗಟ್ಟಿ ಅದು ಅಲ್ಲೇ ಸಾಯುತ್ತದೆ. ಬಿಸಿ ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 100 ಡಿಗ್ರಿ ಮೀರಿದರೆ ಅಂಗಾಂಶ ಕರಕಲಾಗುತ್ತದೆ, ಕರಕಲು ವಿದ್ಯುತ್ತನ್ನು ಮುಂದೆ ಬಿಡುವುದಿಲ್ಲ, ಗಡ್ಡೆಯ ಅಂಚು ಬದುಕಿ ಉಳಿಯುತ್ತದೆ. ಅದಕ್ಕೇ ಈ ಎರಡು ಅಂಕಿಗಳ ನಡುವೆ ಹತ್ತು ಹನ್ನೆರಡು ನಿಮಿಷ ತಾಳ್ಮೆಯಿಂದ ಕಾಯಿಸುತ್ತಾರೆ. ಗಡ್ಡೆಯನ್ನಷ್ಟೇ ಸುಟ್ಟರೂ ಸಾಲದು. ಅದರ ಸುತ್ತ ಅರ್ಧದಿಂದ ಒಂದು ಸೆಂಟಿಮೀಟರ್‌ವರೆಗಿನ ಒಳ್ಳೆಯ ಅಂಗಾಂಶವನ್ನೂ ಸೇರಿಸಿ ಸುಡಬೇಕು, ಕಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಅಡಗಿರುವುದು ಅಲ್ಲೇ. ಕೊನೆಗೆ ಸೂಜಿಯನ್ನು ಹೊರಗೆಳೆಯುವಾಗಲೂ ದಾರಿಯನ್ನು ಸುಡುತ್ತಾ ಬರುತ್ತಾರೆ. ರಕ್ತ ಸೋರಬಾರದು, ಸೂಜಿಗೆ ಅಂಟಿದ ಒಂದು ಕೋಶವೂ ದಾರಿಯಲ್ಲಿ ಬಿದ್ದು ಬೇರೂರಬಾರದು.

ಕರುಳು ಗಡ್ಡೆಗೆ ತಾಗಿಕೊಂಡಿದ್ದರೆ ಅದೂ ಸುಟ್ಟೀತು. ಅಂಥ ಕಡೆ ನಡುವೆ ದ್ರವ ಬಿಟ್ಟು ಕರುಳನ್ನು ಪಕ್ಕಕ್ಕೆ ಸರಿಸುತ್ತಾರೆ. ಆ ದ್ರವ ನಾವೆಲ್ಲ ಬಲ್ಲ ಸಲೈನ್ ಅಲ್ಲ. ಉಪ್ಪುನೀರು ವಿದ್ಯುತ್ತನ್ನು ಹರಿಸಿಬಿಡುವುದರಿಂದ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್ ಬಳಸುತ್ತಾರೆ. ಒಂದು ಸಣ್ಣ ಸೂಜಿ ಚಿಕಿತ್ಸೆಯ ಹಿಂದೆ ಇಷ್ಟು ಯೋಚನೆ ಇದೆ, ಇದನ್ನು ಮಾಡುವವರಿಗೆ ವರ್ಷಗಳ ಅಭ್ಯಾಸ ಬೇಕು ಎಂಬುದನ್ನು ತೋರಿಸಲು ಈ ವಿವರ ಹೇಳಿದೆ.

ಮೈಕ್ರೋವೇವ್ ಸೂಜಿ ಇದರ ಮುಂದಿನ ತಲೆಮಾರು. ಅದು ನೀರಿನ ಅಣುಗಳನ್ನೇ ತಿರುಗಿಸಿ ಬಿಸಿಮಾಡುತ್ತದೆ, ಕರಕಲಿನಲ್ಲೂ ನುಸುಳುತ್ತದೆ, ತೊಡೆಗೆ ಪಟ್ಟಿ ಬೇಕಿಲ್ಲ, ಸಮಯವೂ ಕಡಿಮೆ. ದೊಡ್ಡ ರಕ್ತನಾಳದ ಪಕ್ಕದ ಗಡ್ಡೆಗೆ ಇದು ವಾಸಿ, ಏಕೆಂದರೆ ಹರಿಯುವ ರಕ್ತ ರೇಡಿಯೋ ತರಂಗದ ಬಿಸಿಯನ್ನು ಹೊತ್ತುಕೊಂಡು ಹೋಗಿಬಿಡುತ್ತದೆ. ಇವೆರಡಕ್ಕೂ ಮೊದಲು, 1980ರ ದಶಕದಲ್ಲಿ, ಜಪಾನ್ ಮತ್ತು ಇಟಲಿಯ ವೈದ್ಯರು ಗಡ್ಡೆಗೆ ಶುದ್ಧ ಆಲ್ಕೋಹಾಲ್ ಚುಚ್ಚಿ ಕೊಲ್ಲುತ್ತಿದ್ದರು. ಕಡಿಮೆ ಖರ್ಚಿನ ಆ ವಿಧಾನ ಕೆಲವು ಇಕ್ಕಟ್ಟಿನ ಜಾಗಗಳಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತದೆ. 2023ರಲ್ಲಿ ಅಮೆರಿಕದ ಔಷಧ ಇಲಾಖೆ ಸೂಜಿಯೇ ಇಲ್ಲದೆ ಧ್ವನಿ ತರಂಗದಿಂದ ಲಿವರಿನ ಗಡ್ಡೆ ಪುಡಿಮಾಡುವ ಯಂತ್ರಕ್ಕೂ ಒಪ್ಪಿಗೆ ಕೊಟ್ಟಿದೆ. ಅದು ನಮ್ಮ ಕಡೆ ಬರಲು ಕಾಲ ಬೇಕು.

ಚಿಕಿತ್ಸೆಯ ನಂತರ ಎರಡು ಮೂರು ದಿನ ಸಣ್ಣ ಜ್ವರ, ಸುಸ್ತು ಇರಬಹುದು. ಬಲ ಭುಜ ನೋಯಬಹುದು. ಲಿವರಿನ ಮೇಲಿನ ವಪೆ ಕೆರಳಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುವುದರಿಂದ ಗಾಬರಿಯಾಗಬೇಕಿಲ್ಲ. ಆದರೆ ಜ್ವರ ಏರುತ್ತಲೇ ಹೋದರೆ, ಹೊಟ್ಟೆ ಉಬ್ಬಿದರೆ, ತಲೆಸುತ್ತು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಕ್ತಸ್ರಾವ, ಕೀವು, ಪಿತ್ತನಾಳಕ್ಕೆ ಪೆಟ್ಟು ಇವೆಲ್ಲ ಅಪರೂಪಕ್ಕಾದರೂ ಆಗುವಂಥವೇ. ಜೋಯಿಡಾದ ಒಳಹಳ್ಳಿಯಿಂದ ಬಂದವರು ಮರುದಿನವೇ ಊರಿಗೆ ಹೊರಡುವ ಬದಲು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ನೆಂಟರ ಮನೆಯಲ್ಲಿ ನಾಲ್ಕು ದಿನ ಉಳಿಯುವುದು ಲೇಸು ಎಂದು ನಾನು ಹೇಳುತ್ತೇನೆ.

ಇದರಿಂದ ಪೂರ್ತಿ ಗುಣವಾಗುತ್ತದೆಯೇ? ಆ ಗಡ್ಡೆಯ ಮಟ್ಟಿಗೆ ಹೆಚ್ಚಿನವರಲ್ಲಿ ಆಗುತ್ತದೆ. ಎರಡು ಸೆಂಟಿಮೀಟರಿನೊಳಗಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯ ಸರಿಸಮಕ್ಕೆ ಇದನ್ನು ಇಟ್ಟಿದ್ದಾರೆ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿದಾಗಲೂ, ಗಡ್ಡೆಗಳು ಮೂರು ಸೆಂಟಿಮೀಟರಿನೊಳಗಿದ್ದರೆ ಸೂಜಿಯ ಚಿಕಿತ್ಸೆ ಕೊಯ್ಯುವುದಕ್ಕಿಂತ ಕಡಿಮೆಯದಲ್ಲ, ತೊಂದರೆಗಳೂ ಕಡಿಮೆ ಎಂದು ನೆದರ್ಲೆಂಡ್ಸಿನ ವೈದ್ಯರು ನಡೆಸಿದ ಕೊಲಿಷನ್ ಎಂಬ ಅಧ್ಯಯನ ತೋರಿಸಿದೆ. ಆದರೆ ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಒಳ್ಳೆಯ ಲಿವರಿನಲ್ಲಿ ಹುಟ್ಟುವುದು ಕಡಿಮೆ. ವರ್ಷಗಟ್ಟಲೆ ಗಾಯಗೊಂಡು ಗಟ್ಟಿಯಾದ ಸಿರೋಸಿಸ್ ಲಿವರಿನಲ್ಲೇ ಅದು ಹೆಚ್ಚು. ಒಂದು ಗಡ್ಡೆ ಸುಟ್ಟರೂ ಆ ನೆಲ ಹಾಗೇ ಉಳಿದಿರುತ್ತದೆ. ಐದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೇರೆ ಕಡೆ ಮತ್ತೊಂದು ಗಡ್ಡೆ ಏಳುತ್ತದೆ. ಅದೂ ಸಣ್ಣದಿರುವಾಗಲೇ ಸಿಕ್ಕರೆ ಮತ್ತೆ ಸುಡಬಹುದು. ಹೀಗಾಗಿ ಚಿಕಿತ್ಸೆಯಾದ ಒಂದು ತಿಂಗಳಿಗೆ ಒಂದು ಸ್ಕ್ಯಾನ್, ಆಮೇಲೆ ಮೂರು ಮೂರು ತಿಂಗಳಿಗೆ ಒಂದು ಎಂಬ ಲೆಕ್ಕ ತಪ್ಪಿಸಬಾರದು. ಗಡ್ಡೆ ಐದು ಸೆಂಟಿಮೀಟರ್ ದಾಟಿದ್ದರೆ, ಪೋರ್ಟಲ್ ರಕ್ತನಾಳದೊಳಗೆ ನುಗ್ಗಿದ್ದರೆ, ಲಿವರೇ ಸೋತು ಕಾಮಾಲೆ ಬಂದಿದ್ದರೆ ಈ ಸೂಜಿ ಸಾಮಾನ್ಯವಾಗಿ ಆಗದು. ಆಗ ಗಡ್ಡೆಯ ರಕ್ತನಾಳಕ್ಕೆ ಔಷಧ ತುಂಬಿ ಮುಚ್ಚುವುದು, ಮಾತ್ರೆ, ಇಂಜೆಕ್ಷನ್, ಕೆಲವರಿಗೆ ಲಿವರ್ ಕಸಿ ಎಂಬ ಬೇರೆ ದಾರಿಗಳಿವೆ.

ಹಾಗಾದರೆ ಎಲ್ಲ ನಿಂತಿರುವುದು ಆ ಮೂರು ಸೆಂಟಿಮೀಟರಿನ ಮೇಲೆ. ಆ ಗಾತ್ರದ ಗಡ್ಡೆ ನೋಯುವುದಿಲ್ಲ, ಕೈಗೆ ಸಿಗುವುದಿಲ್ಲ, ಹಸಿವು ಕೆಡಿಸುವುದಿಲ್ಲ. ರೋಗಿ ಗದ್ದೆಯಲ್ಲಿ ಕೆಲಸ ಮಾಡಿಕೊಂಡೇ ಇರುತ್ತಾನೆ. ಅದನ್ನು ಹುಡುಕಿದರೆ ಮಾತ್ರ ಸಿಗುತ್ತದೆ. ಎಲ್ಲರ ಹೊಟ್ಟೆಯನ್ನೂ ಹುಡುಕಲು ಆಗದು, ಯಾರಲ್ಲಿ ಹುಡುಕಬೇಕು ಎಂಬುದು ಗೊತ್ತಿರಬೇಕು. ನಮ್ಮ ತಾಲ್ಲೂಕುಗಳ ಮಟ್ಟಿಗೆ ಆ ಪ್ರಶ್ನೆಗೆ ಉತ್ತರದ ದೊಡ್ಡ ಭಾಗ ಒಂದು ವೈರಾಣುವಿನಲ್ಲಿದೆ. ಅದು ಹೆಪಟೈಟಿಸ್ ಬಿ.

ಮುಂಡಗೋಡದಿಂದಲೇ ಶುರುಮಾಡುತ್ತೇನೆ. ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡುಜಾಗದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಎದ್ದಿತು. ಇಂದು ಅಲ್ಲಿ ಡ್ರೆಪುಂಗ್, ಗಾಡೆನ್ ಎಂಬ ದೊಡ್ಡ ಮಠಗಳಿವೆ, ಸಾವಿರಾರು ಭಿಕ್ಷುಗಳಿದ್ದಾರೆ, ನಂಬರ್ ಹಚ್ಚಿದ ಕ್ಯಾಂಪುಗಳಲ್ಲಿ ಗೋವಿನಜೋಳ ಬೆಳೆಯುವ ಸಂಸಾರಗಳಿವೆ, ಅವರದೇ ಆಸ್ಪತ್ರೆಯೂ ಇದೆ. ಟಿಬೆಟನ್ ಸಮುದಾಯದಲ್ಲಿ ಹೆಪಟೈಟಿಸ್ ಬಿ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ. ಮೈಸೂರು ಜಿಲ್ಲೆಯ ಬೈಲಕುಪ್ಪೆಯ ವಸತಿಯಲ್ಲಿ ನಡೆದ ಒಂದು ದೊಡ್ಡ ತಪಾಸಣೆಯಲ್ಲಿ ನೂರಕ್ಕೆ ಸುಮಾರು 9 ಮಂದಿಯ ರಕ್ತದಲ್ಲಿ ಈ ವೈರಾಣು ಸಿಕ್ಕಿತ್ತು. ದೇಶದ ಉಳಿದೆಡೆ ಅದು ನೂರಕ್ಕೆ ಎರಡರಿಂದ ನಾಲ್ಕು ಎಂಬ ಅಂದಾಜಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಈ ವೈರಾಣು ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಹಾಗೆ ದಾಟಿದ ನೂರು ಮಕ್ಕಳಲ್ಲಿ ಸುಮಾರು 90 ಮಕ್ಕಳ ಮೈಯಲ್ಲಿ ಅದು ಜೀವನಪೂರ್ತಿ ಬೀಡುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ 95 ಮಂದಿ ತಾವೇ ಗೆದ್ದುಬಿಡುತ್ತಾರೆ. ಜೊತೆಗೆ ಉಂಡರೆ, ಕೈ ಹಿಡಿದರೆ, ಒಂದೇ ಮಠದಲ್ಲಿ ಮಲಗಿದರೆ ಇದು ಹರಡುವುದಿಲ್ಲ. ಮುಂಡಗೋಡದ ಪೇಟೆಯಲ್ಲಿ ಕನ್ನಡಿಗರೂ ಟಿಬೆಟನ್ನರೂ ಅರ್ಧ ಶತಮಾನಕ್ಕೂ ಮೀರಿ ಒಟ್ಟಿಗೆ ಬದುಕಿದ್ದಾರೆ. ಒಂದು ವೈರಾಣುವಿನ ನೆಪದಲ್ಲಿ ಆ ಬದುಕಿಗೆ ಯಾರೂ ಹುಳಿ ಹಿಂಡಬಾರದು.

ಮತ್ತೆ, ಇದು ಅವರ ಕ್ಯಾಂಪಿನ ಸಮಸ್ಯೆ ಮಾತ್ರವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 3 ಕೋಟಿ ಮಂದಿ ಹೆಪಟೈಟಿಸ್ ಬಿ ಹೊತ್ತಿದ್ದಾರೆ. ಹಳಿಯಾಳದ ಸಿದ್ದಿ ಕೇರಿಯಲ್ಲಿ, ಜೋಯಿಡಾದ ಕುಣಬಿ ಮನೆಗಳಲ್ಲಿ, ಗೌಳಿ ದೊಡ್ಡಿಗಳಲ್ಲಿ ಎಷ್ಟು ಹೆರಿಗೆಗಳು ಒಂದು ಕಾಲದಲ್ಲಿ ಮನೆಯಲ್ಲೇ ಆದವು, ಎಷ್ಟು ಜನ ಒಂದೇ ಸೂಜಿಯಿಂದ ಇಂಜೆಕ್ಷನ್ ಹಾಕಿಸಿಕೊಂಡರು ಎಂಬುದನ್ನು ಹಿರಿಯರೇ ಬಲ್ಲರು. ಆ ಕಾಲದಲ್ಲಿ ಹುಟ್ಟಿದವರಿಗೆ ಈಗ ನಲವತ್ತು, ಐವತ್ತು, ಅರವತ್ತು. ಲಿವರ್ ಕ್ಯಾನ್ಸರ್ ಬರುವ ವಯಸ್ಸೂ ಇದೇ.

ಇನ್ನೊಂದು ಸಂಗತಿ ಮಲೆನಾಡಿನ ಅಂಚಿನವರಾದ ನಾವು ಗಮನಿಸಬೇಕು. ಹಳಿಯಾಳ, ಮುಂಡಗೋಡದಲ್ಲಿ ಗೋವಿನಜೋಳದ ಕೊಯ್ಲಿನ ಹೊತ್ತಿಗೆ ಹಿಂಗಾರಿನ ಮಳೆ ಬಂದು ತೆನೆ ನೆನೆಯುತ್ತದೆ, ರಸ್ತೆಯ ಮೇಲೆ ಹರವಿದ ಕಾಳು ಸರಿಯಾಗಿ ಒಣಗುವುದಿಲ್ಲ. ಅಂಥ ಕಾಳಿನಲ್ಲಿ, ಹಸಿ ಶೇಂಗಾದಲ್ಲಿ ಹಳದಿ-ಹಸಿರು ಬೂಷ್ಟು ಬೆಳೆದರೆ ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ತಿಂದು ಲಿವರ್ ಕೆಟ್ಟು 100ಕ್ಕೂ ಹೆಚ್ಚು ಜನ ಸತ್ತರು. ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆ ಸೇರಿದರೆ ಅದೇ ವಿಷ ಕ್ಯಾನ್ಸರಿಗೆ ದಾರಿ, ಹೆಪಟೈಟಿಸ್ ಬಿ ಇದ್ದವರಲ್ಲಂತೂ ಅಪಾಯ ಹಲವು ಪಟ್ಟು. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ನಮ್ಮ ಗೋವಿನಜೋಳ ಬಹುಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ ನಿಜ. ಆದರೆ ಬೂಷ್ಟು ಹಿಡಿದ ಶೇಂಗಾವನ್ನು ಆರಿಸಿ ಚೆಲ್ಲುವ ಬದಲು ಚಟ್ನಿಪುಡಿಗೆ ಹಾಕುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಸಾರಾಯಿ, ಸಕ್ಕರೆ ಕಾಯಿಲೆ, ಬೊಜ್ಜು ಇವು ಲಿವರನ್ನು ಹಾಳುಮಾಡುವ ಬಗೆ ಓದುಗರಿಗೆ ಗೊತ್ತೇ ಇದೆ.

ಕಾಮಾಲೆ ಔಷಧದ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಹೆಚ್ಚು ಸಮಯ ಕಳೆದುಹೋಗುವುದು ಅಲ್ಲಿ. ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಕಾಮಣಿಗೆ ಬೇರು, ಸೊಪ್ಪು ಕೊಡುವವರಿದ್ದಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಯಶಸ್ಸು ಔಷಧದ ಲೆಕ್ಕಕ್ಕೆ ಹೋಗುತ್ತದೆ. ಕಾಮಾಲೆಗೆ ಕೊಡುವ ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿದ್ದೂ ಇಲ್ಲ. ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರೇ ಮದ್ರಾಸಿನ ತ್ಯಾಗರಾಜನ್ ಅವರೊಂದಿಗೆ ಅದನ್ನು ಪರೀಕ್ಷಿಸಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮೊದಲ ಫಲಿತಾಂಶ ಬಹಳ ಆಸೆ ಹುಟ್ಟಿಸಿತು. ಬೇರೆಯವರು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಆದ್ದರಿಂದ ಸೊಪ್ಪಿನ ಔಷಧ ತೆಗೆದುಕೊಂಡವರು ಕಣ್ಣು ತಿಳಿಯಾಯಿತು ಎಂದು ಸುಮ್ಮನಾಗದೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು.

ಆ ಪರೀಕ್ಷೆಗೆ ಬೇಕಾಗುವುದು ಸ್ವಲ್ಪವೇ ರಕ್ತ, ಅರ್ಧ ಗಂಟೆಯೊಳಗಿನ ಸಮಯ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ತಪಾಸಣೆಯೂ ಉಚಿತ, ಔಷಧವೂ ಉಚಿತ. ಹೆಪಟೈಟಿಸ್ ಸಿ ಆದರೆ ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. ಬಿ ಇದ್ದು ಲಿವರ್ ಕೆಡುತ್ತಿರುವವರಿಗೆ ದಿನಕ್ಕೊಂದು ಟೆನೊಫೋವಿರ್ ಮಾತ್ರೆ ಕ್ಯಾನ್ಸರಿನ ಅಪಾಯವನ್ನು ತಗ್ಗಿಸುತ್ತದೆ, ಆದರೆ ಇಲ್ಲವಾಗಿಸುವುದಿಲ್ಲ. ಸಿರೋಸಿಸ್ ಆದ ಎಲ್ಲರೂ, ಬಿ ಇರುವ ನಲವತ್ತು ದಾಟಿದ ಗಂಡಸರೂ ಐವತ್ತು ದಾಟಿದ ಹೆಂಗಸರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಆರು ತಿಂಗಳು ಏಕೆ? ಈ ಗಡ್ಡೆ ಇಮ್ಮಡಿಯಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಅನುಮಾನ ಬಂದರೆ ಮುಂದಿನದು ಸಿಟಿ ಸ್ಕ್ಯಾನ್. ಲಿವರಿಗೆ ಮುಕ್ಕಾಲು ಪಾಲು ರಕ್ತ ಪೋರ್ಟಲ್ ನಾಳದಿಂದ ಬಂದರೆ, ಕ್ಯಾನ್ಸರ್ ಗಡ್ಡೆ ಅಪಧಮನಿಯ ರಕ್ತವನ್ನೇ ಹೀರುತ್ತದೆ. ಬಣ್ಣದ ಔಷಧ ಕೊಟ್ಟಾಗ ಗಡ್ಡೆ ಮೊದಲು ಬೆಳಗಿ ಆಮೇಲೆ ಮಂಕಾದರೆ, ಸಿರೋಸಿಸ್ ಇದ್ದವರಲ್ಲಿ ತುಣುಕು ತೆಗೆಯದೆಯೇ ಕ್ಯಾನ್ಸರ್ ಎಂದು ಹೇಳಬಹುದು.

ಇಲ್ಲಿಯೇ ನಮ್ಮ ನಾಲ್ಕು ತಾಲ್ಲೂಕುಗಳ ಕಷ್ಟ ಎದುರಾಗುತ್ತದೆ. ಜಿಲ್ಲಾ ಕೇಂದ್ರ ಕಾರವಾರ, ನಡುವೆ ಘಟ್ಟ. ಹಳಿಯಾಳದವರಿಗೆ, ದಾಂಡೇಲಿಯವರಿಗೆ ಧಾರವಾಡ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ, ಜೋಯಿಡಾದ ರಾಮನಗರದವರಿಗೆ ಬೆಳಗಾವಿ. ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಹೋರಾಟ ವರ್ಷಗಳಿಂದ ನಡೆದಿದೆ, ಅದು ಪೂರ್ತಿ ನ್ಯಾಯವಾದ ಬೇಡಿಕೆ. ಆದರೆ ಲಿವರ್ ಗಡ್ಡೆಯ ವಿಷಯದಲ್ಲಿ ನಾನು ಬೇರೆ ಕಡೆ ಬೆರಳು ಮಾಡುತ್ತೇನೆ. ಸುಡುವ ಸೂಜಿ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಬೆಂಗಳೂರಲ್ಲೋ ಇದ್ದರೆ ನಡೆದೀತು, ಅಲ್ಲಿಗೆ ಹೋಗುವುದು ಒಮ್ಮೆಯೋ ಎರಡು ಬಾರಿಯೋ. ಆರು ತಿಂಗಳಿಗೊಮ್ಮೆ, ವರ್ಷವರ್ಷವೂ ಬೇಕಾದ ಅಲ್ಟ್ರಾಸೌಂಡ್ ಮಾತ್ರ ಮನೆಯ ಹತ್ತಿರವೇ ಸಿಗಬೇಕು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಒಬ್ಬ ಕೂಲಿಕಾರ ತನಗೆ ಏನೂ ನೋವಿಲ್ಲದಿರುವಾಗ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಬದಲಿಸಿ, ಇಡೀ ದಿನ ಸರದಿಯಲ್ಲಿ ನಿಲ್ಲುತ್ತಾನೆ ಎಂದು ನಿರೀಕ್ಷಿಸುವುದು ತಪ್ಪು. ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ನಿಗದಿಯಾದ ಒಂದು ದಿನ ರೇಡಿಯಾಲಜಿಸ್ಟ್ ಬಂದು ಲಿವರ್ ಸ್ಕ್ಯಾನ್ ಮಾಡುವ ವ್ಯವಸ್ಥೆ ಆದರೆ, ಅದು ನೂರು ಹಾಸಿಗೆಯ ಹೊಸ ಕಟ್ಟಡದಷ್ಟೇ ಜೀವ ಉಳಿಸುತ್ತದೆ ಎಂಬುದು ನನ್ನ ನಂಬಿಕೆ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು. ಹೊರಡುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆಯಿರಿ, ಹೋಗುವ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಯೋಜನೆಯಡಿ ಸಿಗುತ್ತದೆಯೇ ಎಂದು ಆರೋಗ್ಯಮಿತ್ರರನ್ನು ಕೇಳಿ.

ಮುಂದಿನ ತಲೆಮಾರಿಗೆ ಈ ಸೂಜಿಯೇ ಬೇಡವಾಗಬಹುದು. ತೈವಾನ್ 1984ರಲ್ಲಿ ವೈರಾಣು ಇರುವ ತಾಯಂದಿರ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡಲು ಶುರುಮಾಡಿ, 1986ರಲ್ಲಿ ಅದನ್ನು ಹುಟ್ಟುವ ಎಲ್ಲ ಮಕ್ಕಳಿಗೂ ವಿಸ್ತರಿಸಿತು, ಕೆಲವೇ ವರ್ಷಗಳಲ್ಲಿ ಅಲ್ಲಿನ ಮಕ್ಕಳ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅಗ್ಗದ ಸ್ವದೇಶಿ ಲಸಿಕೆ ತಂದಿತು, 2011ರ ಹೊತ್ತಿಗೆ ಅದು ದೇಶದ ಎಲ್ಲ ಮಕ್ಕಳ ಉಚಿತ ಲಸಿಕೆ ಪಟ್ಟಿಗೆ ಸೇರಿತು. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ತಾಯಿಯಿಂದ ದಾಟುವ ವೈರಾಣುವನ್ನು ತಡೆಯುವುದು ಅದೇ ಡೋಸ್. ಆಸ್ಪತ್ರೆಯ ದಾರಿಯಲ್ಲೇ, ಮನೆಯಲ್ಲೇ ಹೆರಿಗೆಯಾದ ಮಕ್ಕಳಿಗೆ ಅದು ತಪ್ಪದಂತೆ ಆಶಾ ಕಾರ್ಯಕರ್ತೆಯರು ನೋಡಿಕೊಳ್ಳಬೇಕು.

ಬ್ಲೂಂಬರ್ಗ್ ಹುಟ್ಟಿದ ದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ಆರೋಗ್ಯ ಇಲಾಖೆಗೆ ನನ್ನ ಒಂದು ಕೋರಿಕೆ ಇದೆ. ಆ ದಿನ ಈ ನಾಲ್ಕೂ ತಾಲ್ಲೂಕುಗಳಲ್ಲಿ ಬ್ಯಾನರ್ ಹಿಡಿದು ಜಾಥಾ ಮಾಡುವುದರ ಜೊತೆಗೆ ಒಂದೊಂದು ರಕ್ತ ತಪಾಸಣೆ ಶಿಬಿರ ಇಡಿ. ವೈರಾಣು ಸಿಕ್ಕವರ ಹೆಸರನ್ನು ಗುಟ್ಟಾಗಿಟ್ಟು, ಅವರಿಗೆ ಆರು ತಿಂಗಳ ಸ್ಕ್ಯಾನಿನ ಕಾರ್ಡ್ ಕೊಡಿ. ಆ ಕಾರ್ಡ್ ಕಾರವಾರದಲ್ಲಿ ಮಾತ್ರವಲ್ಲ, ಹುಬ್ಬಳ್ಳಿಯಲ್ಲೂ ಬೆಳಗಾವಿಯಲ್ಲೂ ನಡೆಯುವಂತೆ ಮಾಡಿ. ಓದುಗರೇ, ನಲವತ್ತು ದಾಟಿದ್ದರೆ ಮತ್ತು ಈ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿಲ್ಲದಿದ್ದರೆ, ಶಿಬಿರಕ್ಕಾಗಿ ಕಾಯದೆ ಈ ವಾರವೇ ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಹೋಗಿ ಕೇಳಿ.